ಎನ್‌ಎಫ್‌ಟಿ ಎಷ್ಟಕ್ಕೆ ಹೋಯ್ತು? ಗೇಟ್ ಚೀಟಿಯಲ್ಲಿ ರೇಟು ಇರಲ್ಲ

ಗಂಗಾವತಿಯ ರೈಸ್ ಮಿಲ್ಲಿನಿಂದ ಲಾರಿ ಹೊರಡುವಾಗ ಗೇಟಿನಲ್ಲಿ ಒಂದು ಚೀಟಿ ತೋರಿಸಬೇಕು. ಯಾರ ಮಾಲು, ಯಾರಿಗೆ, ಎಷ್ಟು ಚೀಲ, ಅಷ್ಟೇ. ಕ್ವಿಂಟಲ್ ರೇಟು ನೋಡಬೇಕಾದರೆ ಬಿಲ್ ತೆಗೆಯಬೇಕು. ಎನ್‌ಎಫ್‌ಟಿ ಅಂದರೆ ಬ್ಲಾಕ್‌ಚೈನ್‌ನಲ್ಲಿ ಒಡೆತನ ದಾಖಲಾಗುವ, ಒಂದೊಂದೂ ಬೇರೆಯೇ ಆದ ಡಿಜಿಟಲ್ ಟೋಕನ್; ಈಥೀರಿಯಂ ಬ್ಲಾಕ್‌ಚೈನ್‌ನಲ್ಲಿ ಅದರ ಮಾದರಿಯ ಹೆಸರು ಇಆರ್‌ಸಿ-721. ಅದು ಕೈ ಬದಲಾದಾಗ ದಾಖಲಾಗುವ ಟ್ರಾನ್ಸ್‌ಫರ್ ಲಾಗ್ ಕೂಡ ಇಂಥದ್ದೇ ಚೀಟಿ. ಕೊಟ್ಟವರ ವಿಳಾಸ, ತಗೊಂಡವರ ವಿಳಾಸ, ಟೋಕನ್ ನಂಬರ್. ಬೆಲೆಯನ್ನು ಅದರಲ್ಲಿ ಸುಮ್ನೆ ಹುಡುಕಬೇಡಿ.

ಹಿಡಿಯಬೇಕಾದದ್ದು ಟ್ರಾನ್ಸಾಕ್ಷನ್ ಹ್ಯಾಶ್, ಅಂದರೆ ಆ ವ್ಯವಹಾರದ ಗುರುತಿನ ನಂಬರ್. ಈಥೀರಿಯಂ ದಾಖಲೆ ತೋರಿಸುವ ಈಥರ್‌ಸ್ಕ್ಯಾನ್ ಸೈಟಿನ ಎಪಿಐಗೆ (ಪ್ರೋಗ್ರಾಂ ಮೂಲಕ ಮಾಹಿತಿ ಕೇಳುವ ದಾರಿ) ವಾಲೆಟ್ ವಿಳಾಸ ಕೊಟ್ಟು ಎನ್‌ಎಫ್‌ಟಿ ಟ್ರಾನ್ಸ್‌ಫರ್ ಪಟ್ಟಿ ಕೇಳಿದರೆ ಪ್ರತಿ ಸಾಲಿನಲ್ಲೂ ಹ್ಯಾಶ್ ಬರುತ್ತದೆ. ಕೊಟ್ಟವರ ವಿಳಾಸ ಪೂರ್ತಿ ಸೊನ್ನೆ ಇದ್ದರೆ ಅದು ಮಿಂಟ್, ಅಂದರೆ ಟೋಕನ್ ಹೊಸದಾಗಿ ಹುಟ್ಟಿದ್ದು, ಪಕ್ಕಕ್ಕಿಡಿ. ಉಳಿದವುಗಳಿಗೆ ಟ್ರಾನ್ಸಾಕ್ಷನ್ ಮತ್ತು ಅದರ ರಿಸೀಟ್ (ಅದರಲ್ಲಿ ಬರೆದ ಲಾಗ್‌ಗಳೆಲ್ಲ ಇರುವ ದಾಖಲೆ) ಎರಡನ್ನೂ ತರಿಸಿಕೊಳ್ಳಿ.

ಮೊದಲು ಟ್ರಾನ್ಸಾಕ್ಷನ್ನಿನ ವ್ಯಾಲ್ಯೂ ನೋಡಿ. ಇದು ಈಥೀರಿಯಂನ ದುಡ್ಡಾದ ಈಥರ್‌ನ ಅತಿ ಚಿಕ್ಕ ಅಳತೆ ವೇ (wei) ಲೆಕ್ಕದಲ್ಲಿರುತ್ತದೆ, ಅಂದರೆ 500000000000000000 ಅಂತ ಬಂದರೆ 18 ಸ್ಥಾನ ಹಿಂದೆ ಚುಕ್ಕೆ ಇಟ್ಟು 0.5 ಈಥರ್ ಅಂತ ಓದಬೇಕು. ಸೊನ್ನೆ ಬಂದರೆ "ಪುಕ್ಕಟೆ ಕೊಟ್ಟಿದ್ದಾರೆ" ಅಂತ ಬರೆದುಕೊಳ್ಳಬೇಡಿ! ಕೊಳ್ಳುವವರು ಆಫರ್ ಹಾಕಿ, ಮಾರುವವರು ಅದನ್ನು ಒಪ್ಪಿಕೊಂಡಾಗ ದುಡ್ಡು ಸಾಮಾನ್ಯವಾಗಿ ವ್ರ್ಯಾಪ್ಡ್ ಈಥರ್‌ನಲ್ಲಿ (ಟೋಕನ್ ರೂಪದ ಈಥರ್) ಹೋಗುತ್ತದೆ, ವ್ಯಾಲ್ಯೂ ಖಾಲಿ ಉಳಿಯುತ್ತದೆ. ಆಗ ರಿಸೀಟಿನ ಲಾಗ್‌ಗಳಿಗೆ ಇಳಿಯಬೇಕು. ಇಲ್ಲೊಂದು ತಮಾಷೆ ಇದೆ: ದುಡ್ಡಿನಂಥ ಟೋಕನ್‌ಗಳ ಮಾದರಿಯಾದ ಇಆರ್‌ಸಿ-20 ಮತ್ತು 721 ಎರಡರ ಟ್ರಾನ್ಸ್‌ಫರ್ ಲಾಗಿಗೂ ಮೊದಲ ಟಾಪಿಕ್ (ಲಾಗಿನ ತಲೆಬರಹದಂಥ ಕಾಲಂ) ಒಂದೇ. ನಾಲ್ಕು ಟಾಪಿಕ್ ಇದ್ದರೆ ಎನ್‌ಎಫ್‌ಟಿ, ಮೂರಿದ್ದು ಮೊತ್ತ ಡೇಟಾದಲ್ಲಿದ್ದರೆ ದುಡ್ಡು. ಆ ದುಡ್ಡು ಡಾಲರ್ ಬೆಲೆಯ ಟೋಕನ್ ಯುಎಸ್‌ಡಿಸಿ ಆದರೆ 18 ಅಲ್ಲ, 6 ಸ್ಥಾನ.

ನಾನು ಎಡವಿದ್ದು ಒಟ್ಟಿಗೆ ಕೊಂಡ ಟೋಕನ್‌ಗಳಲ್ಲಿ. ಕೊಪ್ಪಳದ ಗೆಳೆಯನೊಬ್ಬ ಒಂದೇ ಟ್ರಾನ್ಸಾಕ್ಷನ್ನಿನಲ್ಲಿ ಮೂರು ಕೊಂಡಿದ್ದ, ವ್ಯಾಲ್ಯೂ 0.9 ಈಥರ್. ನಾನು ಮೂರಕ್ಕೂ ತಲಾ 0.9 ಅಂತ ಶೀಟಿನಲ್ಲಿ ತುಂಬಿಸಿ ಕಳಿಸಿದೆ. "ಇಷ್ಟು ದುಡ್ಡು ನನ್ನ ಹತ್ರ ಯಾವಾಗಿತ್ತೋ ಮಾರಾಯ" ಅಂದ. ಮೂರರಿಂದ ಭಾಗಿಸುವುದೂ ತಪ್ಪೇ, ಒಂದೊಂದರ ಬೆಲೆ ಬೇರೆ ಇರಬಹುದು, ಅಲ್ವಾ?

ಅದಕ್ಕೆ ಮಾರ್ಕೆಟ್‌ಪ್ಲೇಸಿನ ಸ್ವಂತ ಲಾಗ್ ಓದಬೇಕು. ಎನ್‌ಎಫ್‌ಟಿ ಮಾರುಕಟ್ಟೆ ಓಪನ್‌ಸೀ ಮಾರಾಟಕ್ಕೆ ಬಳಸುವ ಸೀಪೋರ್ಟ್ ಎಂಬ ಪ್ರೋಗ್ರಾಂನಲ್ಲಿ ಆ ಲಾಗಿನ ಹೆಸರು ಆರ್ಡರ್‌ಫುಲ್‌ಫಿಲ್ಡ್. ಇದರಲ್ಲಿ ಎರಡು ಪಟ್ಟಿ: ಆಫರ್ (ಆರ್ಡರ್ ಹಾಕಿದವರು ಕೊಡುವುದು), ಕನ್ಸಿಡರೇಷನ್ (ಬದಲಿಗೆ ಸಲ್ಲಬೇಕಾದದ್ದು). ಆಫರ್‌ನಲ್ಲಿ ಎನ್‌ಎಫ್‌ಟಿ ಇದ್ದರೆ ಕನ್ಸಿಡರೇಷನ್‌ನಲ್ಲಿರುವ ದುಡ್ಡನ್ನೆಲ್ಲ ಕೂಡಿಸಿ. ಮಾರಿದವರ ಪಾಲು, ಮಾರ್ಕೆಟ್ ಫೀ, ರಾಯಲ್ಟಿ ಎಲ್ಲ ಅಲ್ಲೇ ಬಿಡಿಬಿಡಿಯಾಗಿರುತ್ತವೆ. ಆಫರ್‌ನಲ್ಲೇ ದುಡ್ಡಿದ್ದರೆ ಅದೇ ಬೆಲೆ. ಆಗ ಕನ್ಸಿಡರೇಷನ್‌ನಲ್ಲಿ ಕಾಣುವ ಫೀ ಅದರೊಳಗಿಂದ ಕಡಿತವಾದದ್ದು, ಮತ್ತೆ ಕೂಡಿಸಿದರೆ ಎರಡು ಸಲ ಎಣಿಸಿದಂತೆ.

ಇಷ್ಟೆಲ್ಲ ತಲೆನೋವು ಬೇಡ ಅನ್ನುವವರಿಗೆ ಬ್ಲಾಕ್‌ಚೈನ್ ಮಾಹಿತಿ ಒದಗಿಸುವ ಆಲ್ಕೆಮಿ ಕಂಪನಿಯ ಗೆಟ್‌ಎನ್‌ಎಫ್‌ಟಿಸೇಲ್ಸ್ ಎಂಬ ಎಪಿಐ ಇದೆ. ಅಲ್ಲೂ ಸೆಲ್ಲರ್ ಫೀ (ಮಾರಿದವರ ಪಾಲು), ಪ್ರೋಟೊಕಾಲ್ ಫೀ, ರಾಯಲ್ಟಿ ಫೀ ಮೂರನ್ನೂ ಕೂಡಿಸಿದರೇನೇ ಕೊಂಡವರು ಕೊಟ್ಟ ಬೆಲೆ. ಆದರೆ ಎಲ್ಲ ಮಾರ್ಕೆಟ್ಟೂ ಅದರಲ್ಲಿ ಬರಲ್ಲ, ಒಂದೆರಡನ್ನಾದರೂ ರಿಸೀಟಿನ ಜೊತೆ ತಾಳೆ ಹಾಕಿ.

ರೂಪಾಯಿಗೆ ತಿರುಗಿಸುವಾಗ ಇವತ್ತಿನ ರೇಟು ಹಾಕಬೇಡಿ, ಬ್ಲಾಕಿನ ಟೈಮ್‌ಸ್ಟ್ಯಾಂಪ್ ದಿನದ್ದು ಹಾಕಿ. ಅದು ಯುಟಿಸಿ, ಅಂದರೆ ಅಂತರರಾಷ್ಟ್ರೀಯ ಸಮಯ, ನಮ್ಮ ಗಡಿಯಾರ ಐದೂವರೆ ಗಂಟೆ ಮುಂದೆ. ಯುಟಿಸಿ ಮಾರ್ಚ್ 31ರ ರಾತ್ರಿ 8ಕ್ಕೆ ಆದ ಮಾರಾಟ ಇಲ್ಲಿ ಏಪ್ರಿಲ್ 1ರ ಬೆಳಗಿನ ಜಾವ 1:30. ಇಂಥ ಮಾರಾಟದ ಲಾಭಕ್ಕೆ ಬೀಳುವ 30% ತೆರಿಗೆಯ ಶೀಟನ್ನು ಆಡಿಟರ್‌ಗೆ ಕೊಡುವ ಮೊದಲು ತಾರೀಖಿನ ಆ ಒಂದು ಕಾಲಂ ಇನ್ನೊಮ್ಮೆ ನೋಡಿಕೊಳ್ಳಿ.