ಫ್ರೀಜರಿನ ಇಲಿ, ಜಾಡಿಯ ಹೆಗ್ಗಣ: ವೀರ್ಯಾಣು ಅಳೆದ ನನ್ನ ಅನುಭವ

ಸತ್ತು ಫ್ರೀಜರ್ ಸೇರಿದ ಇಲಿಯಿಂದಲೂ ವೀರ್ಯಾಣು ತೆಗೆದು ಅದರ ತಲೆಯನ್ನು ನಂಬಿಕೆಯಿಂದ ಅಳೆಯಬಹುದು. ಬಾಲವನ್ನು ಮಾತ್ರ ನಂಬಬೇಡಿ. ಬಾಲದ ಉದ್ದ ಬೇಕಿದ್ದರೆ ಫಾರ್ಮಲಿನ್ (ಪ್ರಾಣಿ ಕೊಳೆಯದಂತೆ ಕಾಪಾಡುವ ದ್ರಾವಣ) ಜಾಡಿಗೇ ಹೋಗಬೇಕು. ಇಷ್ಟು ಮಾತನ್ನು ನಾಲ್ಕು ಜನ ಒಪ್ಪುವಂತೆ ಮಾಡಲು ನನಗೆ ವರ್ಷಗಳೇ ಹಿಡಿದವು. ತಾಜಾ ಎಪಿಡಿಡಿಮಿಸ್ (ವೃಷಣಕ್ಕೆ ಅಂಟಿಕೊಂಡ, ವೀರ್ಯಾಣು ಮಾಗುವ ಕೊಳವೆ) ಇಲ್ಲದೆ ಆಕಾರದ ಮಾತೇ ಆಡಬಾರದು ಅಂತ ಹಿರಿಯರೊಬ್ಬರು ಸಭೆಯಲ್ಲೇ ಹೇಳಿದ್ದರು. ಇನ್ನೊಬ್ಬರು ನನ್ನ ಬರಹದ ಅಂಚಿನಲ್ಲಿ ‘ಕೊಳೆತ ಮಾದರಿ’ ಎಂದು ಬರೆದು ಕಳಿಸಿದ್ದರು. ಈಗ ಅವರ ವಿದ್ಯಾರ್ಥಿಗಳೇ ನನ್ನ ಸ್ಲೈಡ್‌ಗಳ ಫೋಟೊ ಕೇಳುತ್ತಾರೆ. ಕೊಡುತ್ತೇನೆ, ಸ್ವಲ್ಪ ಕಾಯಿಸಿ ಕೊಡುತ್ತೇನೆ.

ನಾನು ಈ ದಾರಿ ಹಿಡಿದದ್ದು ಕೈಯಲ್ಲಿ ಕಾಸಿಲ್ಲದ್ದಕ್ಕೆ. ಹತ್ತಾರು ಜಾತಿಯ ಜೀವಂತ ಗಂಡುಗಳು ಬೇಕು ಅಂದರೆ ಬೋನು, ಓಡಾಟ, ಅನುಮತಿ, ಸಾಕುವ ಜಾಗ, ಆಹಾರ ಎಲ್ಲ ಬೇಕು. ಸಿಕ್ಕ ಅನುದಾನದಲ್ಲಿ ಅರ್ಧ ಬರೀ ಓಡಾಟಕ್ಕೇ ಹೋಗುತ್ತಿತ್ತು. ಅದೇ ಹೊತ್ತಿಗೆ ಬೇರೆಯವರ ಫ್ರೀಜರ್‌ಗಳಲ್ಲಿ ಇಲಿಗಳ ರಾಶಿ ಬಿದ್ದಿತ್ತು. ಒಬ್ಬರು ಯಕೃತ್ತು ತೆಗೆದುಕೊಂಡಿದ್ದರು, ಇನ್ನೊಬ್ಬರು ಕರುಳಿನ ಹುಳ, ಮತ್ತೊಬ್ಬರು ತಲೆಬುರುಡೆ. ಹಿಂಭಾಗ ಯಾರಿಗೂ ಬೇಡವಾಗಿತ್ತು. ನನಗೆ ಬೇಕಾದದ್ದೇ ಅದು.

ಮೊದಲ ಕಂತಿನ ಸ್ಲೈಡ್‌ಗಳು ನೋಡುವಂತಿರಲಿಲ್ಲ. ಇಡೀ ಪ್ರಾಣಿಯನ್ನು ಹೊರಗಿಟ್ಟು ರಾತ್ರಿಯಿಡೀ ಕರಗಿಸಿದರೆ ಬೆಳಗ್ಗೆ ಹೊಟ್ಟೆಯೊಳಗಿನದೆಲ್ಲ ಒಂದೇ ಲೋಳೆ. ಎಪಿಡಿಡಿಮಿಸ್ ಸುತ್ತಲಿನ ಕೊಬ್ಬು ಎಣ್ಣೆಯ ಹನಿಯಾಗಿ ಸ್ಲೈಡ್ ತುಂಬ ಹರಡುತ್ತದೆ. ತಲೆಗಳಿದ್ದವು, ಆದರೆ ಯಾವುದೂ ಬದಿಗೆ ಒರಗಿ ಬೀಳದೆ ಲೋಳೆಯಲ್ಲಿ ಓರೆಯಾಗಿ ಸಿಕ್ಕಿಕೊಂಡಿದ್ದವು. ಇಲಿಯ ವೀರ್ಯಾಣುವಿನ ತಲೆ ಕೊಕ್ಕೆಯಂತೆ ಬಾಗಿರುತ್ತದೆ, ಓರೆಯಾದ ಕೊಕ್ಕೆಯನ್ನು ಅಳೆದರೆ ಏನು ಸಿಗುತ್ತೆ? ಇನ್ನೊಂದು ಪೀಡೆ ಉಪ್ಪಿನದು. ಸಲೈನ್‌ನಲ್ಲಿ ಮಾಡಿದ ತೇಲುದ್ರಾವಣ ಒಣಗಿದಾಗ ಉಪ್ಪು ಹರಳುಗಟ್ಟಿ ತಲೆಗಳ ಮೇಲೇ ಕೂತಿತ್ತು. ಮೈಕ್ರೋಸ್ಕೋಪಿನ ನೂರು ಪಟ್ಟಿನ ಲೆನ್ಸಿನಡಿ ಅರ್ಧ ಹರಳು, ಅರ್ಧ ತಲೆ. ತಿಂಗಳುಗಟ್ಟಲೆ ಕೆಲಸ ಕಸದ ಬುಟ್ಟಿಗೆ ಹೋಯಿತು. ಅಷ್ಟು ದಿನದ ಇಮರ್ಶನ್ ಆಯಿಲ್, ಸ್ಲೈಡು, ಬಣ್ಣ ಎಲ್ಲ ದಂಡ.

ಕೊನೆಗೆ ಕೈಗೂಡಿದ್ದು ಹೀಗೆ. ಪ್ರಾಣಿ ಪೂರ್ತಿ ಕರಗಲು ಬಿಡಬೇಡಿ. ಹೊಟ್ಟೆಯ ಚರ್ಮ ಕತ್ತರಿ ಹಿಡಿಯುವಷ್ಟು ಮೆತ್ತಗಾದರೆ ಸಾಕು, ಒಳಗೆ ಇನ್ನೂ ಮಂಜಿರುವಾಗಲೇ ಕೌಡಾ (ವೀರ್ಯಾಣು ಶೇಖರವಾಗುವ, ಎಪಿಡಿಡಿಮಿಸ್ಸಿನ ಕೊನೆಯ ಭಾಗ) ಕತ್ತರಿಸಿ ತೆಗೆಯಿರಿ. ಕೊಬ್ಬು ಗಟ್ಟಿಯಾಗಿರುವುದರಿಂದ ಸಿಪ್ಪೆಯ ಹಾಗೆ ಬಿಡಿಸಿ ಬರುತ್ತದೆ. ಕೌಡಾದ ಕೊಳವೆಗಳು ದಪ್ಪಗೆ, ಬೆಳ್ಳಗೆ ಕಂಡರೆ ಮುಂದುವರಿಯಿರಿ. ತೆಳ್ಳಗೆ, ಪಾರದರ್ಶಕವಾಗಿದ್ದರೆ ಅದು ಎಳೆ ಗಂಡು ಅಥವಾ ಸಂತಾನದ ಕಾಲ ಮುಗಿಸಿದ ಗಂಡು, ಸುಮ್ನೆ ಹೊತ್ತು ಹಾಳು. ಕೌಡಾವನ್ನು ತಣ್ಣನೆಯ ಬಫರ್‌ನಲ್ಲಿ ನಾಲ್ಕೈದು ಕಡೆ ಕೊಯ್ದು ಬಿಡಿ, ಅರೆಯಬೇಡಿ. ಇಲ್ಲಿ ಈಜಿ ಹೊರಬರುವವರು ಯಾರೂ ಇಲ್ಲವಲ್ಲ, ಮೆಲ್ಲಗೆ ಅಲುಗಾಡಿಸಿ ಇಳಿಸಬೇಕು. ನೈಲಾನ್ ಜಾಲರಿಯಲ್ಲಿ ಸೋಸಿ, ನಾಲ್ಕು ಪರ್ಸೆಂಟ್ ಫಾರ್ಮಾಲ್ಡಿಹೈಡ್‌ನಲ್ಲಿ ಕಾಲು ಗಂಟೆ ಬಿಡಿ. ಆಮೇಲೆ ತೊಳೆಯುವುದು ಸಲೈನ್‌ನಲ್ಲಿ ಅಲ್ಲ, 0.1 ಮೋಲಾರ್ ಅಮೋನಿಯಂ ಅಸಿಟೇಟ್‌ನಲ್ಲಿ. ಅದು ಒಣಗುವಾಗ ಆವಿಯಾಗಿ ಹೋಗುತ್ತದೆ, ಹರಳು ಉಳಿಯುವುದಿಲ್ಲ. ಆಕ್ರೋಸೋಮ್‌ಗೆ, ಅಂದರೆ ವೀರ್ಯಾಣುವಿನ ತಲೆಯ ಮೇಲಿನ ಟೋಪಿಯಂಥ ಚೀಲಕ್ಕೆ, ಕೂಮಾಸಿ ಬಣ್ಣ ಹಾಕುವವರು ಇದನ್ನು ಬಹಳ ಕಾಲದಿಂದ ಮಾಡುತ್ತಿದ್ದಾರೆ. ಬರೀ ತಲೆ ಅಳೆಯುವವರು ಯಾಕೋ ಅತ್ತ ನೋಡಿರಲಿಲ್ಲ.

ಪಿಪೆಟ್ ತುದಿಯನ್ನು ಅಗಲಕ್ಕೆ ಕತ್ತರಿಸಿಕೊಳ್ಳಿ. ಇಲಿಗಳ ವೀರ್ಯಾಣು ಮೊದಲೇ ಉದ್ದ. ಮೌಸ್‌ನದು ಸುಮಾರು 120 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು), ರ‍್ಯಾಟ್‌ನದು 190ರ ಹತ್ತಿರ, ಚೀನೀ ಹ್ಯಾಮ್‌ಸ್ಟರ್‌ನದು 250ರ ಆಸುಪಾಸು. ಮನುಷ್ಯನದು 60 ಕೂಡ ಇಲ್ಲ. ಇಷ್ಟುದ್ದದ್ದನ್ನು ಸಣ್ಣ ತೂತಿನಲ್ಲಿ ಎಳೆದರೆ ಕುತ್ತಿಗೆಯಲ್ಲೇ ತುಂಡಾಗುತ್ತದೆ. ಫ್ರೀಜರಿನಲ್ಲಿದ್ದದ್ದಾದರೆ ಕೇಳಲೇಬೇಡಿ. ನನ್ನ ಸ್ಲೈಡ್‌ಗಳಲ್ಲಿ ಮುಕ್ಕಾಲು ಪಾಲು ತಲೆಗಳು ಬಾಲವಿಲ್ಲದೆಯೇ ಬಿದ್ದಿರುತ್ತವೆ. ತಲೆ ಅಳೆಯುವವರಿಗೆ ಅದರಿಂದ ನಷ್ಟವಿಲ್ಲ. ನಿಜ ಹೇಳಬೇಕೆಂದರೆ ಬಾಲದ ಎಳೆತವಿಲ್ಲದ ತಲೆ ಇನ್ನೂ ಚೆನ್ನಾಗಿ ಬದಿಗೆ ಮಲಗುತ್ತದೆ.

ತಲೆ ಯಾಕೆ ಉಳಿಯುತ್ತದೆ ಅನ್ನುವುದು ನಿಮಗೆ ಗೊತ್ತಿರುವುದೇ. ಡಿಎನ್ಎಯನ್ನು ಬಿಗಿಯಾಗಿ ಸುತ್ತಿಡುವ ಪ್ರೋಟಮೈನ್ ಎಂಬ ಪ್ರೋಟೀನ್, ಅದರ ನಡುವಿನ ಡೈಸಲ್ಫೈಡ್ ಅನ್ನುವ ಗಂಧಕದ ಕೊಂಡಿಗಳು. ಕೊಕ್ಕೆಯ ತುದಿಯ ಪರ್ಫೊರೇಟೋರಿಯಂ ಎಂಬ ಚೂಪು ಭಾಗ ಕೂಡ ಅಂಥ ಕೊಂಡಿಗಳಿಂದಲೇ ಗಟ್ಟಿ. ನಂಬದವರ ಎದುರು ನಾನು ಎರಡು ಸಂಗತಿ ಇಡುತ್ತಿದ್ದೆ. 1998ರಲ್ಲಿ ವಾಕಯಾಮಾ ಮತ್ತು ಯಾನಗಿಮಾಚಿ ಒಣಗಿಸಿ ಪುಡಿಯಾದ ಮೌಸ್ ವೀರ್ಯಾಣುವನ್ನು ಅಂಡಕ್ಕೆ ಚುಚ್ಚಿ ಮರಿ ಪಡೆದರು. 2006ರಲ್ಲಿ ಜಪಾನಿನ ಒಂದು ತಂಡ ಹದಿನೈದು ವರ್ಷ ಫ್ರೀಜರಿನಲ್ಲಿ ಇಡಿಯಾಗಿ ಬಿದ್ದಿದ್ದ ಮೌಸ್‌ಗಳ ವೀರ್ಯಾಣುವಿನಿಂದ ಆರೋಗ್ಯವಂತ ಮರಿಗಳನ್ನೇ ಹುಟ್ಟಿಸಿತು. ಮರಿ ಹುಟ್ಟಿಸುವಷ್ಟು ಗಟ್ಟಿಯಾಗಿ ಉಳಿದ ತಲೆ ನನ್ನ ಅಳತೆಪಟ್ಟಿಗೆ ಮಾತ್ರ ಕೊಳೆತಿದೆಯಾ? ಇದಕ್ಕೆ ಯಾರೂ ಸರಿಯಾದ ಉತ್ತರ ಕೊಡಲಿಲ್ಲ. ಒಪ್ಪಿಕೊಳ್ಳಲೂ ಇಲ್ಲ.

ಹಾಗಾಗಿ ಎಡ-ಬಲದ ಪರೀಕ್ಷೆ ಮಾಡಿದೆ. ಬೇರೆ ಪ್ರಯೋಗಕ್ಕೆಂದು ಕೊಂದ ರ‍್ಯಾಟ್ ಮತ್ತು ಮೌಸ್ ಗಂಡುಗಳಲ್ಲಿ ಎಡಗಡೆಯ ಕೌಡಾವನ್ನು ಆಗಲೇ ಸ್ಲೈಡ್ ಮಾಡಿದೆ. ಬಲಗಡೆಯದನ್ನು ದೇಹದಲ್ಲೇ ಬಿಟ್ಟು ಫ್ರೀಜರಿಗೆ ಹಾಕಿದೆ. ಆರೇಳು ತಿಂಗಳ ನಂತರ ಬಲದ್ದನ್ನು ತೆಗೆದು, ಸ್ಲೈಡ್‌ಗಳ ಮೇಲಿನ ಗುರುತು ಮುಚ್ಚಿಸಿ, ಎರಡನ್ನೂ ಕಲಸಿ ಅಳೆದೆ. ತಲೆಯ ಉದ್ದ, ಅಗಲ, ಕೊಕ್ಕೆಯ ಬಾಗು ಮೂರರಲ್ಲೂ ವ್ಯತ್ಯಾಸ ಒಂದೇ ತಲೆಯನ್ನು ನಾನೇ ಎರಡು ಸಲ ಅಳೆದಾಗ ಬರುವುದಕ್ಕಿಂತ ಕಡಿಮೆ ಬಂತು. ಆ ಚಿತ್ರ ತೋರಿಸಿದ ಮೇಲೆ ಸಭೆಗಳಲ್ಲಿ ಗಲಾಟೆ ನಿಂತಿತು.

ಒಂದು ಎಚ್ಚರಿಕೆ. ಮತ್ತೆ ಮತ್ತೆ ಕರಗಿ ಹೆಪ್ಪುಗಟ್ಟಿದ ಪ್ರಾಣಿ ಬೇಡ. ಅದರ ತಲೆಯೂ ಸರಿ ಇರುತ್ತದೆ, ಆದರೆ ಲೋಳೆ ಜಾಸ್ತಿಯಾಗಿ ಸ್ಲೈಡ್ ಕೆಡುತ್ತದೆ. ಚೀಲದೊಳಗೆ ರಕ್ತದ ನೀರು ಮಡುಗಟ್ಟಿ ಮಂಜಾಗಿದ್ದರೆ ಅದು ಒಮ್ಮೆಯಾದರೂ ಕರಗಿದೆ ಅಂತಲೇ ಲೆಕ್ಕ. ಕೈಗವಸು ಬಿಡಬೇಡಿ, ಕಾಡಿನ ಇಲಿಯ ಲೆಪ್ಟೊಸ್ಪೈರಾ ರೋಗಾಣು ಫ್ರೀಜರಿಗೆ ಹೆದರಿ ಸಾಯುತ್ತದೆ ಅಂದುಕೊಳ್ಳಬೇಡಿ.

ಇನ್ನು ಜಾಡಿಗಳು. ಹಳೆಯ ಸಂಗ್ರಹದ ಪ್ರಾಣಿಗಳಲ್ಲಿ ಎರಡು ಬಗೆ. ಮೊದಲು ಫಾರ್ಮಲಿನ್‌ನಲ್ಲಿಟ್ಟು ಆಮೇಲೆ ಆಲ್ಕೋಹಾಲ್‌ಗೆ ಹಾಕಿದವು ಬಂಗಾರ. ನೇರ ಆಲ್ಕೋಹಾಲ್‌ಗೆ ಮುಳುಗಿಸಿದವು ಬೇಡ, ಎಲ್ಲ ಮುದುಡಿ ಅಂಟಿಕೊಂಡಿರುತ್ತದೆ. ಯಾವುದು ಯಾವುದು ಅಂತ ಚೀಟಿಯಲ್ಲಿ ಬರೆದಿರುವುದು ಕಡಿಮೆ, ಕೌಡಾ ಮುಟ್ಟಿ ನೋಡಿದರೆ ತಿಳಿಯುತ್ತದೆ. ಫಾರ್ಮಲಿನ್ ಕಂಡದ್ದು ರಬ್ಬರಿನಂತೆ ಪುಟಿಯುತ್ತದೆ. ಈ ರಬ್ಬರಿನೊಳಗಿಂದ ವೀರ್ಯಾಣು ಬಿಡಿಸುವುದೇ ದೊಡ್ಡ ತಲೆನೋವು. ಕೊಯ್ದರೆ ತುಂಡುತುಂಡಾಗಿ ಬರುತ್ತದೆ, ಒಂದೊಂದು ತುಂಡಿನಲ್ಲೂ ನೂರಾರು ಬಾಲಗಳು ಕಟ್ಟಿನಂತೆ ಅಂಟಿರುತ್ತವೆ. ನಾನು ಮೊದಲು ಆಲ್ಕೋಹಾಲ್ ಇಳಿಸುತ್ತಾ ನೀರಿಗೆ ತರುತ್ತೇನೆ, ನಂತರ ಕೆಲವು ದಿನ ನೆನೆಸುತ್ತೇನೆ, ಆಮೇಲೆ ಕೊಯ್ಯುತ್ತೇನೆ. ನೆನೆಸುವ ನೀರಿಗೆ ಏನು ಹಾಕುತ್ತೇನೆ, ಎಷ್ಟು ಬಿಸಿಯಲ್ಲಿ ಇಡುತ್ತೇನೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಬರೀ ನೀರಿನಲ್ಲೂ ಆಗುತ್ತದೆ, ಕಾಯುವ ತಾಳ್ಮೆ ಬೇಕು ಅಷ್ಟೆ. ಒಂದು ಗಂಡಿನಿಂದ ಇಪ್ಪತ್ತು ಮೂವತ್ತು ಇಡೀ ಬಾಲ ಸಿಕ್ಕರೆ ಆ ದಿನ ಒಳ್ಳೆಯ ದಿನ.

ಜಾಡಿಗಳಿಂದ ಒಂದು ತಮಾಷೆಯೂ ಆಯಿತು. ‘ಬ್ಯಾಂಡಿಕೋಟಾ ಬೆಂಗಾಲೆನ್ಸಿಸ್’, ಅಂದರೆ ಸಣ್ಣ ಹೆಗ್ಗಣ ಅಂತ ಚೀಟಿ ಅಂಟಿಸಿದ್ದ ಒಂದು ಪ್ರಾಣಿಯ ಸ್ಲೈಡ್ ನೋಡುತ್ತೇನೆ, ಕೊಕ್ಕೆಯೇ ಇಲ್ಲ. ಉಂಡೆಯಂಥ ತಲೆ, ಗಿಡ್ಡ ಬಾಲ, ಮೇಲೆ ಭಾರೀ ಆಕ್ರೋಸೋಮ್. ಸಣ್ಣ ಹೆಗ್ಗಣದ ವೀರ್ಯಾಣುವಿಗೆ ಉಳಿದ ಇಲಿಗಳಂತೆ ಕೊಕ್ಕೆ ಇದ್ದೇ ಇರುತ್ತದೆ. ಕೊಕ್ಕೆಯಿಲ್ಲದ ಉಂಡೆ ತಲೆ ಅದರ ಅಣ್ಣನದು, ಅಂದರೆ ದೊಡ್ಡ ಹೆಗ್ಗಣ ಬ್ಯಾಂಡಿಕೋಟಾ ಇಂಡಿಕಾದ್ದು. ಬುರುಡೆ ತೆಗೆದು ನೋಡಿದರೆ ಹೌದು, ಪೂರ್ತಿ ಬೆಳೆಯದ ದೊಡ್ಡ ಹೆಗ್ಗಣವೇ. ಅದರ ವೃಷಣಗಳೂ ಮೈ ತೂಕಕ್ಕೆ ಹೋಲಿಸಿದರೆ ತೀರಾ ಸಣ್ಣವು, ಚೀಟಿ ಓದದೆ ಹೊಟ್ಟೆ ಬಿಚ್ಚಿದ್ದರೆ ಆಗಲೇ ಅನುಮಾನ ಬರಬೇಕಿತ್ತು. ಇಷ್ಟು ಹತ್ತಿರದ ಎರಡು ಜಾತಿಗಳ ನಡುವೆ ಇಷ್ಟು ದೂರ! ಹೆಣ್ಣು ಹಲವು ಗಂಡುಗಳ ಜೊತೆ ಕೂಡುವಲ್ಲಿ ವೃಷಣ ದೊಡ್ಡದು, ತಲೆಗಳು ಒಂದೇ ಅಚ್ಚಿನವು. ಪೈಪೋಟಿ ಇಲ್ಲದಲ್ಲಿ ವೃಷಣ ಚಿಕ್ಕದು, ತಲೆ ಒಂದೊಂದು ಒಂದೊಂದು ಥರ. ನಾನು ನೋಡಿದ ದೊಡ್ಡ ಹೆಗ್ಗಣಗಳಲ್ಲಿ ಒಂದೇ ಗಂಡಿನ ಸ್ಲೈಡ್‌ನಲ್ಲಿ ಎರಡು ತಲೆ ಒಂದೇ ಅಳತೆಗೆ ಬರುವುದೇ ಅಪರೂಪ. ಹಾಗಾಗಿ ಇಂಥವುಗಳಲ್ಲಿ ಮೂವತ್ತು ತಲೆ ಅಳೆದು ಎದ್ದರೆ ಸಾಲದು, ನೂರರ ತನಕ ಹೋಗಬೇಕು. ವಿಚಿತ್ರ ಆಕಾರ ಕಂಡ ಕೂಡಲೇ ‘ಅಸಹಜ’ ಅಂತ ಎಣಿಸುವುದೂ ಬೇಡ. ಲ್ಯಾಬಿನ ಮೌಸ್‌ನಲ್ಲೇ ಸಿ57 ಬ್ಲ್ಯಾಕ್ ತಳಿಗಿಂತ ಬ್ಯಾಲ್ಬ್-ಸಿ ತಳಿಯ ಗಂಡುಗಳಲ್ಲಿ ಕೆಟ್ಟ ತಲೆ ಹುಟ್ಟಿನಿಂದಲೇ ಜಾಸ್ತಿ, ಅಲ್ವಾ?

ಈ ಫ್ರೀಜರ್ ವಿದ್ಯೆ ಎಲ್ಲರಿಗೂ ಒಗ್ಗುವುದಿಲ್ಲ. ಅಳಿಲಿನಲ್ಲಿ ಸೋತೆ, ಮೂಗಿಲಿಯಲ್ಲಿ ಇನ್ನೂ ಕೆಟ್ಟದಾಗಿ ಸೋತೆ. ಮೂಗಿಲಿ ಸುಂಕಸ್‌ನ ವೀರ್ಯಾಣುವಿಗೆ ನ್ಯೂಕ್ಲಿಯಸ್‌ಗಿಂತ ಎಷ್ಟೋ ಪಾಲು ದೊಡ್ಡ ಬೀಸಣಿಗೆಯಂಥ ಆಕ್ರೋಸೋಮ್ ಇದೆ. ಅದರ ಗುರುತೇ ಅದು. ಮಂಜು ಪೊರೆಯನ್ನು ಹರಿದಾಗ ಬೀಸಣಿಗೆ ಹೋಗಿ ಒಂದು ಚಿಕ್ಕ ನ್ಯೂಕ್ಲಿಯಸ್ ಉಳಿಯುತ್ತದೆ, ಅದನ್ನು ಅಳೆದು ಏನು ಮಾಡುವುದು? ಅಳಿಲು, ಗಿನಿ ಪಿಗ್ ಕಥೆಯೂ ಹೀಗೆಯೇ. ಇವಕ್ಕೆ ಫಾರ್ಮಲಿನ್ ಒಂದೇ ದಾರಿ. ತಲೆಯಲ್ಲಿ ನ್ಯೂಕ್ಲಿಯಸ್ಸೇ ಯಜಮಾನನಾಗಿರುವ ಇಲಿ-ಹೆಗ್ಗಣಗಳ ಕುಟುಂಬದಲ್ಲಿ ಮಾತ್ರ ನನ್ನ ವಿದ್ಯೆ ನಡೆಯುತ್ತದೆ. ದೊಡ್ಡ ಹೆಗ್ಗಣದಲ್ಲೂ ಆಕ್ರೋಸೋಮ್ ಬೇಕಿದ್ದರೆ ಜಾಡಿಯದ್ದೇ ಬೇಕು.

ನಡುವೆ ಬೇಡದ ಪ್ರಯೋಗಗಳನ್ನೂ ಮಾಡಿದೆ. ಒಂದೇ ಗಂಡಿನ ಕ್ಯಾಪುಟ್ (ಎಪಿಡಿಡಿಮಿಸ್ಸಿನ ಮೊದಲ ಭಾಗ) ಮತ್ತು ಕೌಡಾ ವೀರ್ಯಾಣುಗಳಿಗೆ ಡಿಟಿಟಿ (ಡೈಸಲ್ಫೈಡ್ ಕೊಂಡಿ ಬಿಡಿಸುವ ರಾಸಾಯನಿಕ) ಮತ್ತು ಎಸ್‌ಡಿಎಸ್ (ಸೋಪಿನಂಥದ್ದು) ಕೊಟ್ಟು ಗಡಿಯಾರ ನೋಡುತ್ತಾ ಕೂತೆ. ಕ್ಯಾಪುಟ್‌ನವು ಬೇಗ ಊದಿ ಮಸುಕಾದವು, ಕೌಡಾದವು ಬಹಳ ಹೊತ್ತು ಜಗ್ಗಲಿಲ್ಲ. ಎಪಿಡಿಡಿಮಿಸ್ ದಾಟುವಾಗ ಡೈಸಲ್ಫೈಡ್ ಕೊಂಡಿ ಬಿಗಿಯುತ್ತದೆ ಅಂತ ಓದಿದ್ದೆವು, ಕಣ್ಣಾರೆ ನೋಡುವ ಖುಷಿ ಬೇರೆ. ಇದರಿಂದ ಒಂದು ಉಪಯೋಗವೂ ಆಯಿತು: ಫ್ರೀಜರಿನ ಪ್ರಾಣಿಯಲ್ಲಿ ಕ್ಯಾಪುಟ್‌ನ ತಲೆ ಅಳೆಯುವುದನ್ನು ಬಿಟ್ಟೆ.

ಕೌಡಾವನ್ನು ಯಾರೋ ಮೊದಲೇ ಕಿತ್ತು ಹಾಕಿದ್ದರೆ ವೃಷಣ ಬಿಸಾಡಬೇಡಿ. ಟ್ರೈಟಾನ್ ಎಂಬ ಸೋಪಿನಂಥ ದ್ರವ ಹಾಕಿದ ಸಲೈನ್‌ನಲ್ಲಿ ಒಂದು ತುಂಡನ್ನು ಹೋಮೊಜನೈಸರ್‌ನಲ್ಲಿ ಅರೆಯಿರಿ. ಉಳಿದ ಕೋಶಗಳೆಲ್ಲ ಪುಡಿಯಾಗಿ, ಕೊನೆಯ ಹಂತದ ಸ್ಪರ್ಮಾಟಿಡ್‌ಗಳ (ವೀರ್ಯಾಣುವಾಗುತ್ತಿರುವ ಕೋಶಗಳ) ತಲೆ ಮಾತ್ರ ಉಳಿಯುತ್ತದೆ. ದಿನಕ್ಕೆ ಎಷ್ಟು ವೀರ್ಯಾಣು ಹುಟ್ಟುತ್ತದೆ ಅಂತ ಲೆಕ್ಕ ಹಾಕುವವರು ಎಣಿಸುವುದು ಇವನ್ನೇ. ಜಾತಿ ಗುರುತಿಸಲು, ಕೊಕ್ಕೆ ಇದೆಯೋ ಇಲ್ಲವೋ ನೋಡಲು ಸಾಕು. ಸೂಕ್ಷ್ಮ ಅಳತೆಗೆ ನಾನು ಬಳಸುವುದಿಲ್ಲ, ಹಂತಗಳು ಕಲಸಿಹೋಗಿರುತ್ತವೆ.

ಖರ್ಚಿನ ಮಾತು ಬಂದರೆ, ದುಡ್ಡು ಸುರಿದಲ್ಲೆಲ್ಲ ನನಗೆ ಹೆಚ್ಚು ಸಿಗಲಿಲ್ಲ. ಸ್ಕ್ಯಾನಿಂಗ್ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಬಾಡಿಗೆ ಗಂಟೆಗಳಿಗೆ ಒಂದು ವರ್ಷದ ಕಾಸು ಹೋಯಿತು, ಬಂದದ್ದು ಗೋಡೆಗೆ ಅಂಟಿಸಲು ನಾಲ್ಕು ಚಂದದ ಫೋಟೊ. ಆಕ್ರೋಸೋಮ್‌ಗೆ ಅಂಟಿ ಹೊಳೆಯುವ ಪಿಎನ್‌ಎ ಲೆಕ್ಟಿನ್ ಎಂಬ ಪ್ರೋಟೀನ್ ತರಿಸಿದೆ, ಫ್ರೀಜರಿನ ಮಾದರಿಯಲ್ಲಿ ಹೊಳೆಯಲು ಆಕ್ರೋಸೋಮೇ ಉಳಿದಿರಲಿಲ್ಲ. ತಲೆಗೆ ಒಂದು ಪರ್ಸೆಂಟ್ ಇಯೋಸಿನ್ ಬಣ್ಣ ಸಾಕು, ಜಾಡಿಯ ಆಕ್ರೋಸೋಮ್‌ಗೆ ಕೂಮಾಸಿ ಸಾಕು. ಅಳೆಯಲು ಪುಕ್ಕಟೆ ಸಿಗುವ ಇಮೇಜ್‌ಜೆ ಸಾಫ್ಟ್‌ವೇರ್ ಇದೆ. ಕಾಸು ಹಾಕುವುದಾದರೆ ಒಳ್ಳೆಯ ನೂರರ ಲೆನ್ಸಿಗೆ ಮತ್ತು ಒಂದು ಸ್ಟೇಜ್ ಮೈಕ್ರೋಮೀಟರ್‌ಗೆ (ಅಳತೆಗೆರೆ ಕೊರೆದ ಗಾಜಿನ ಸ್ಲೈಡ್) ಹಾಕಿ. ಮೌಸ್‌ನ ತಲೆ ಎಂಟು ಮೈಕ್ರಾನ್ ಆಸುಪಾಸು, ಅರ್ಧ ಮೈಕ್ರಾನ್ ತಪ್ಪಿದರೂ ಎರಡು ಜಾತಿಗಳ ವ್ಯತ್ಯಾಸವೇ ಮುಳುಗಿಹೋಗುತ್ತದೆ.

ತಲೆ ಆರಿಸುವಾಗ ಕಣ್ಣಿಗೆ ಚಂದ ಕಂಡದ್ದನ್ನೇ ಆರಿಸುವ ಚಟ ಎಲ್ಲರಿಗೂ ಇದೆ. ನಾನು ಸ್ಲೈಡನ್ನು ಒಂದು ಮೂಲೆಯಿಂದ ಅಡ್ಡಡ್ಡ ಸರಿಸುತ್ತಾ ಹೋಗಿ, ಬದಿಗೆ ಒರಗಿದ ಪ್ರತಿ ತಲೆಯನ್ನೂ ಹಿಡಿಯುತ್ತೇನೆ. ಕೊಕ್ಕೆಯ ಬಾಗನ್ನು ಯಾವ ಎರಡು ಗೆರೆಗಳ ನಡುವೆ ಅಳೆಯುತ್ತೇನೆ ಅನ್ನುವುದು ಮುಂದಿನ ಬರಹಕ್ಕೆ ಇರಲಿ, ಅದರಲ್ಲಿ ಇನ್ನೂ ಜಗಳ ಬಾಕಿ ಇದೆ. ಅಲ್ಲಿಯ ತನಕ, ನಿಮ್ಮಲ್ಲಿ ಯಾರಾದರೂ ಬೇರೆ ಕೆಲಸಕ್ಕೆ ಗಂಡು ಇಲಿ ಕೊಯ್ಯುತ್ತಿದ್ದರೆ ಒಂದು ಬದಿಯ ಕೌಡಾವನ್ನು ಬಫರ್ ಹಾಕಿದ ಫಾರ್ಮಲಿನ್‌ಗೆ ಇಳಿಸಿ, ಇನ್ನೊಂದನ್ನು ದೇಹದಲ್ಲೇ ಬಿಟ್ಟು ಫ್ರೀಜರಿಗೆ ಹಾಕಿ. ವೃಷಣದ ತೂಕ, ಮೈ ತೂಕ ಎರಡನ್ನೂ ಪೆನ್ಸಿಲ್‌ನಲ್ಲಿ ಬರೆದಿಡಿ. ಪೆನ್ನಿನ ಶಾಯಿ ಆಲ್ಕೋಹಾಲ್‌ನಲ್ಲಿ ಅಳಿಸಿಹೋಗುತ್ತದೆ.