ಡಕೋಟಾ ಕಾಕ್‌ಪಿಟ್ ಸೆಟ್: ಸ್ಟಿಕ್ಕರ್ ಥರ ಕಾಣ್ತಿದ್ದ ಡಯಲ್‌ಗಳನ್ನ ಹೀಗೆ ಸರಿ ಮಾಡಿದ್ವಿ

ನಮ್ಮ ಶಾರ್ಟ್ ಫಿಲಂಗೆ 1940ರ ದಶಕದ ಡಕೋಟಾ ವಿಮಾನದ ಕಾಕ್‌ಪಿಟ್ (ಪೈಲಟ್ ಕೂರೋ ಜಾಗ) ಬೇಕಿತ್ತು, ಬಜೆಟ್ ತೀರಾ ಕಮ್ಮಿ, ಅದಕ್ಕೆ ಪ್ಲೈವುಡ್ ಪ್ಯಾನೆಲ್ ಮೇಲೆ ಡಯಲ್‌ಗಳ ಪ್ರಿಂಟ್ ಅಂಟಿಸಿ ಮೇಲೆ ಗಾಜಿನ ಥರ ಇರೋ ಅಕ್ರಿಲಿಕ್ ಶೀಟ್ ಹಾಕಿದ್ವಿ. ಕಣ್ಣಿಗೆ ಚೆನ್ನಾಗೇ ಇತ್ತು, ಕ್ಯಾಮೆರಾದಲ್ಲಿ ನೋಡಿದ್ರೆ ಬರೀ ಸ್ಟಿಕ್ಕರ್, ಅಕ್ರಿಲಿಕ್‌ನಲ್ಲಿ ಲೈಟ್ ಬೇರೆ ಹೊಡೀತಿತ್ತು.

ಎರಡು ದಿನ ತಲೆ ಕೆಡಿಸ್ಕೊಂಡ ಮೇಲೆ ಗೊತ್ತಾಯ್ತು, ಆಳ ಇಲ್ಲ, ನೆರಳೇ ಬೀಳ್ತಿಲ್ಲ ಅಂತ. ವಿಮಾನದ ದೊಡ್ಡ ಗೇಜ್‌ಗಳ ಸ್ಟ್ಯಾಂಡರ್ಡ್ ಅಳತೆ ಮೂರೂ ಕಾಲು ಇಂಚಿಗಿಂತ ಒಂಚೂರು ಕಮ್ಮಿ, ಸುಮಾರು 80 ಎಂಎಂ. 6 ಎಂಎಂ ಎಂಡಿಎಫ್‌ನಲ್ಲಿ (ಮರದ ನಾರು ಒತ್ತಿ ಮಾಡಿದ ಹಲಗೆ) ಅಷ್ಟಗಲದ ತೂತು ಕೊರೆದು, ಮ್ಯಾಟ್ ಪೇಪರ್ ಪ್ರಿಂಟನ್ನ ಹಿಂದಿನಿಂದ ಅಂಟಿಸಿ, ಅಕ್ರಿಲಿಕ್ ಕಿತ್ತೇ ಹಾಕಿದ್ವಿ. ಮುಳ್ಳನ್ನ ತಗಡಲ್ಲಿ ಕತ್ತರಿಸಿ, ಕೆಳಗೆ ಒಂದು ಸಣ್ಣ ಮಣಿ ಇಟ್ಟು ಕೂರಿಸಿದ್ವಿ ನೋಡಿ, ಸೈಡಿಂದ ಲೈಟ್ ಬಿದ್ದ ತಕ್ಷಣ ಮುಳ್ಳಿನ ನೆರಳು ಡಯಲ್ ಮೇಲೆ ಬಿತ್ತು, ಅಲ್ಲಿಗೆ ಜೀವ ಬಂತು!

ಟಾಗಲ್ ಸ್ವಿಚ್ (ಸಣ್ಣ ಕಡ್ಡಿ ಥರದ ಸ್ವಿಚ್) ಎಲ್ಲಾ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರ್ಕೆಟ್ ಎಸ್‌ಪಿ ರೋಡಲ್ಲೇ ಸಿಕ್ತು. ಬಣ್ಣಕ್ಕೆ ಮೊದಲು ಸಿಲ್ವರ್, ಒಣಗಿದ ಮೇಲೆ ಕಪ್ಪು, ಆಮೇಲೆ ಪೈಲಟ್ ಬೆರಳು ತಾಗೋ ಜಾಗದಲ್ಲಿ ಮಾತ್ರ ಒಳಗಿನ ಸಿಲ್ವರ್ ಕಾಣೋ ಹಾಗೆ ಸ್ಯಾಂಡ್‌ಪೇಪರ್‌ನಿಂದ ಮೆಲ್ಲಗೆ ಉಜ್ಜಿ. ಎಲ್ಲಾ ಕಡೆ ಉಜ್ಜಬೇಡಿ, ಸುಳ್ಳು ಅಂತ ಗೊತ್ತಾಗ್ಬಿಡುತ್ತೆ.