ರಣಜಿ ಆಲ್‌ರೌಂಡರ್ ಎಷ್ಟು ಗಟ್ಟಿ ಅಂತ ಸ್ಕೋರ್‌ಕಾರ್ಡ್ ನೋಡಿ ಕಂಡುಹಿಡಿಯೋದು ಹೇಗೆ

ಜಲಜ್ ಸಕ್ಸೇನಾ ಹೆಸರು ಕೇಳಿರ್ತೀರ. ಮಧ್ಯಪ್ರದೇಶದಲ್ಲಿ ಶುರು ಮಾಡಿ ಆಮೇಲೆ ಕೇರಳಕ್ಕೆ ಹೋದವರು, 2024ರಲ್ಲಿ ರಣಜಿಯಲ್ಲಿ (ರಾಜ್ಯ ಟೀಮ್‌ಗಳ ಹಲವು ದಿನದ ಟೂರ್ನಿ) 6000 ರನ್ ಪ್ಲಸ್ 400 ವಿಕೆಟ್ ಮಾಡಿದ ಮೊದಲ ಆಟಗಾರ ಆದ್ರು, ಇಂಡಿಯಾ ಕ್ಯಾಪ್ ಮಾತ್ರ ಸಿಗ್ಲಿಲ್ಲ. ಹಾಗಾಗಿ ‘ಇಂಡಿಯಾಗೆ ಎಷ್ಟು ಮ್ಯಾಚ್ ಆಡಿದಾರೆ’ ಅನ್ನೋ ಕಾಲಂ ನೋಡೋದನ್ನ ಮೊದಲು ಬಿಡಿ, ಅದ್ರಿಂದ ಡೊಮೆಸ್ಟಿಕ್ ಕರಿಯರ್ ಬಗ್ಗೆ ಏನೂ ಗೊತ್ತಾಗಲ್ಲ.

ಎಲ್ರೂ ಮಾಡೋ ಲೆಕ್ಕ ಅಂದ್ರೆ ಬ್ಯಾಟಿಂಗ್ ಆವರೇಜ್‌ನಲ್ಲಿ (ಒಟ್ಟು ರನ್ನನ್ನ ಔಟಾದ ಸಲದಿಂದ ಭಾಗಿಸಿದ್ದು) ಬೌಲಿಂಗ್ ಆವರೇಜ್ (ಒಂದು ವಿಕೆಟ್‌ಗೆ ಕೊಟ್ಟ ರನ್) ಕಳೆಯೋದು, ಪ್ಲಸ್ ಬಂದ್ರೆ ಆಲ್‌ರೌಂಡರ್ ಅಂತ. ಲೆಕ್ಕ ತಪ್ಪಲ್ಲ, ಆದ್ರೆ ಐದು ವರ್ಷದಲ್ಲಿ ಹದಿನೈದು ವಿಕೆಟ್ ತಗೊಂಡ ಪಾರ್ಟ್‌ಟೈಮ್ ಬೌಲರ್‌ಗೂ ಪ್ಲಸ್ ಬಂದ್ಬಿಡತ್ತೆ. ಅದಕ್ಕೆ ಇಡೀ ಕರಿಯರ್ ಒಟ್ಟಿಗೆ ನೋಡ್ಬೇಡಿ, ಸೀಸನ್ ಸೀಸನ್ ಬಿಡಿಸಿ ನೋಡಿ. ನಮ್ಮ ಗದಗಿನ ಸುನಿಲ್ ಜೋಶಿ ಅವರ 1995-96ರ ರಣಜಿ ಸೀಸನ್ ತೆಗೀರಿ, 529 ರನ್, 52 ವಿಕೆಟ್, ಒಂದೇ ಸೀಸನ್‌ನಲ್ಲಿ! ಆ ವರ್ಷ ಕಪ್ ಕರ್ನಾಟಕಕ್ಕೇ ಬಂತು, 1996ರಲ್ಲೇ ಅವರ ಟೆಸ್ಟ್ ಡೆಬ್ಯೂನೂ ಆಯ್ತು. (ಹುಡುಗ್ರಾಗಿದ್ದಾಗ ಬೆಳಗ್ಗೆ ಬೆಳಗ್ಗೆ ಗದಗದಿಂದ ಹುಬ್ಬಳ್ಳಿಗೆ ಹೋಗಿ ಪ್ರಾಕ್ಟೀಸ್ ಮಾಡಿ ಸ್ಕೂಲ್ ಟೈಮಿಗೆ ವಾಪಸ್ ಬರ್ತಿದ್ರಂತೆ, ಸುಮಾರು 60 ಕಿಮೀ ದಾರಿ, ನಾವು ಹತ್ತು ನಿಮಿಷದ ಗ್ರೌಂಡಿಗೆ ಹೋಗೋಕೂ ಗಾಡಿ ಕೇಳ್ತೀವಿ.)

ಆಮೇಲೆ ಬ್ಯಾಟಿಂಗ್ ಆರ್ಡರ್ ನೋಡಿ, ಇದು ತುಂಬಾ ಮುಖ್ಯ. ಏಳನೇ ನಂಬರಲ್ಲಿ ಬರೋರಿಗೆ ನಾಟೌಟ್ ಜಾಸ್ತಿ, ಆವರೇಜ್ ಉಬ್ಬತ್ತೆ. ಹಾಗಂತ ಅವರ 40 ರನ್ ಸಣ್ಣದಲ್ಲ, ಯಾಕಂದ್ರೆ ರಣಜಿಯಲ್ಲಿ ಮ್ಯಾಚ್ ಡ್ರಾ ಆದ್ರೆ ಫಸ್ಟ್ ಇನ್ನಿಂಗ್ಸ್ ಲೀಡ್ ತಗೊಂಡ ಟೀಮಿಗೆ 3 ಪಾಯಿಂಟ್, ಬಿಟ್ಟುಕೊಟ್ಟವರಿಗೆ 1, ಗೆದ್ರೆ 6. ನಾಕೌಟ್‌ನಲ್ಲಂತೂ ಡ್ರಾ ಆದ್ರೆ ಆ ಲೀಡ್ ಮೇಲೇ ಟೀಮ್ ಮುಂದಕ್ಕೆ ಹೋಗೋದು. ಅಂದ್ರೆ ಎಂಟನೇ ನಂಬರ್ ಬ್ಯಾಟರ್ ಟೇಲೆಂಡರ್‌ಗಳನ್ನ (ಕೊನೆಯಲ್ಲಿ ಬ್ಯಾಟಿಂಗ್‌ಗೆ ಬರೋರನ್ನ) ಕಟ್ಕೊಂಡು ಎಳೆದಾಡಿ ಹೊಡೆದ ರನ್ನಲ್ಲಿ ಎಷ್ಟೋ ಸಲ ಇಡೀ ಸೀಸನ್ ಕೂತಿರತ್ತೆ. ಸೋ ರನ್ ಎಷ್ಟು ಅಂತ ನೋಡೋ ಮುಂಚೆ ಅವರು ಕ್ರೀಸಿಗೆ ಬಂದಾಗ ಸ್ಕೋರ್ ಎಷ್ಟಿತ್ತು ನೋಡಿ, 450ಕ್ಕೆ 5 ಇದ್ದಾಗ ಹೊಡೆದ ಐವತ್ತೂ 110ಕ್ಕೆ 6 ಇದ್ದಾಗ ಹೊಡೆದ ಐವತ್ತೂ ಬೇರೆ ಬೇರೆ.

ಬೌಲಿಂಗ್‌ನಲ್ಲಿ ನಾನು ವಿಕೆಟ್‌ಗಿಂತ ಮುಂಚೆ ಓವರ್ ನೋಡ್ತೀನಿ. ಒಂದು ಇನ್ನಿಂಗ್ಸ್‌ನಲ್ಲಿ 25-30 ಓವರ್ ಹಾಕಿದಾರೆ ಅಂದ್ರೆ ಕ್ಯಾಪ್ಟನ್ ಅವರನ್ನ ಬೌಲರ್ ಅಂತ ನಂಬಿದಾನೆ, 6 ಓವರ್ ಅಂದ್ರೆ ಮೇನ್ ಬೌಲರ್ಸ್‌ಗೆ ರೆಸ್ಟ್ ಕೊಡೋಕೆ ಅಷ್ಟೇ. ಎದುರಿಗಿದ್ದ ಟೀಮ್ ಎಲೀಟಾ (ಬಲವಾದ ಟೀಮ್‌ಗಳ ಗುಂಪು) ಪ್ಲೇಟಾ (ಕೆಳಗಿನ ಗುಂಪು) ಅದನ್ನೂ ನೋಡ್ಕೊಳ್ಳಿ, ಪ್ಲೇಟ್ ವಿಕೆಟ್‌ಗಳಿಗೆ ನಾನು ಸ್ವಲ್ಪ ಡಿಸ್ಕೌಂಟ್ ಹಾಕ್ತೀನಿ.

ವಿಜಯ್ ಹಜಾರೆ (ರಾಜ್ಯಗಳ ಒಂದು ದಿನದ ಟೂರ್ನಿ), ಮುಷ್ತಾಕ್ ಅಲಿ (ರಾಜ್ಯಗಳ ಟಿ20 ಟೂರ್ನಿ) ನಂಬರ್‌ಗಳನ್ನ ಇದರ ಜೊತೆ ಕಲೆಸ್ಬೇಡಿ, ಬೇರೆ ಲಿಸ್ಟ್ ಮಾಡಿ. ಒಂದೇ ದಿನದ ಆಟ ನೋಡಿ ತೀರ್ಮಾನನೂ ಮಾಡ್ಬೇಡಿ. 2019ರ ಕೆಪಿಎಲ್‌ನಲ್ಲಿ (ಕರ್ನಾಟಕ ಪ್ರೀಮಿಯರ್ ಲೀಗ್) ಬಳ್ಳಾರಿ ಟಸ್ಕರ್ಸ್ ಪರ ಕರ್ನಾಟಕದ ಆಲ್‌ರೌಂಡರ್ ಕೆ. ಗೌತಮ್ 56 ಬಾಲಲ್ಲಿ 134 ಹೊಡೆದು ಅದೇ ಮ್ಯಾಚಲ್ಲಿ 15 ರನ್ನಿಗೆ 8 ವಿಕೆಟ್ ಕಿತ್ರು, ಕೇಳಿದ್ರೆ ವಿಡಿಯೋ ಗೇಮ್ ಅನ್ಸತ್ತೆ, ಆದ್ರೆ ಕೆಪಿಎಲ್‌ಗೆ ಅಫೀಶಿಯಲ್ ಟಿ20 ಸ್ಟೇಟಸ್ ಇಲ್ದೇ ಇದ್ದಿದ್ರಿಂದ ರೆಕಾರ್ಡ್ ಬುಕ್‌ನಲ್ಲಿ ಹುಡುಕಿದ್ರೂ ಸಿಗಲ್ಲ. ಗೌತಮ್ ಬೆಲೆ ಗೊತ್ತಾಗ್ಬೇಕಂದ್ರೆ ಅವರ ರಣಜಿ ಸೀಸನ್‌ಗಳನ್ನೇ ಕೂತು ನೋಡ್ಬೇಕು.

ಪ್ರಾಕ್ಟೀಸ್‌ಗೆ ಒಂದು ಕಾರ್ಡ್ ಹೇಳ್ತೀನಿ, ರಣಜಿದಲ್ಲ, ಟೆಸ್ಟ್‌ದು. ನವೆಂಬರ್ 2000, ಢಾಕಾ, ಬಾಂಗ್ಲಾದೇಶದ ಮೊಟ್ಟಮೊದಲ ಟೆಸ್ಟ್. ಅವರು 400, ಇಂಡಿಯಾ 429, ಲೀಡ್ ಬರೀ 29. ಜೋಶಿ ಅವರ 92 ರನ್, ಎರಡು ಇನ್ನಿಂಗ್ಸ್ ಸೇರಿ 8 ವಿಕೆಟ್. ಆ 92 ತೆಗೆದುಬಿಟ್ರೆ ಲೀಡ್ ಯಾರಿಗೆ ಹೋಗ್ತಿತ್ತು ಲೆಕ್ಕ ಹಾಕಿ, ಆಮೇಲೆ ನಿಮ್ಮ ಫೇವರಿಟ್ ಆಲ್‌ರೌಂಡರ್ ಕಾರ್ಡ್‌ಗಳನ್ನೂ ಹಾಗೇ ಒಂದೊಂದೇ ತೆಗೆದು ನೋಡ್ತಾ ಹೋಗಿ.